ಮೋಷನ್ ಸೆನ್ಸರ್, ವೈರ್‌ಲೆಸ್ ಸೆನ್ಸರ್: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಿಳಿದಿರಬೇಕಾದ ವಿಷಯಗಳು

ಹಾಸನ: ಅಂಗಡಿ ಶಟರ್ ಮುಂದೆ ಯಾರಾದರೂ ನಿಂತರೆ ತಾನಾಗಿ ಹೊತ್ತಿಕೊಳ್ಳುವ ಲೈಟು. ತೋಟದ ಮನೆ ಬಾಗಿಲು ತೆಗೆದರೆ ಮೊಬೈಲ್‌ಗೆ ಬರುವ ಮೆಸೇಜು. ತ್ರೀ ಫೇಸ್ ಕರೆಂಟ್ ಬಂತು ಅಂತ ಫೋನ್ ಮಾಡಿ ಹೇಳುವ ಮೋಟಾರ್ ಸ್ಟಾರ್ಟರ್. ಕಾಡಾನೆ ಗುಂಪು ಎಲ್ಲಿದೆ ಅಂತ ತೋರಿಸುವ ರೇಡಿಯೊ ಕಾಲರ್. ನೋಡೋಕೆ ಇವೆಲ್ಲ ಬೇರೆ ಬೇರೆ. ಆದರೆ ನಾಲ್ಕರ ಹಿಂದಿರುವ ಲೆಕ್ಕ ಒಂದೇ. ಒಂದು ಪುಟ್ಟ ಸೆನ್ಸರ್ ಬದಲಾವಣೆ ಗುರುತಿಸುತ್ತದೆ, ತಂತಿ ಇಲ್ಲದೆ ಅದನ್ನು ದೂರಕ್ಕೆ ಮುಟ್ಟಿಸುತ್ತದೆ, ಅಲ್ಲಿರುವ ಮನುಷ್ಯ ಅದನ್ನು ನೋಡಿ ಏನಾದರೂ ಮಾಡುತ್ತಾನೆ.

ಈಗ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಕೊಂಡವರು ಎಷ್ಟೋ ಜನ. ಆದರೆ "ಮೂರು ತಿಂಗಳು ಚೆನ್ನಾಗಿತ್ತು, ಆಮೇಲೆ ಕೆಲಸ ಮಾಡಲಿಲ್ಲ" ಅನ್ನುವವರೂ ಕಡಿಮೆ ಇಲ್ಲ. ಇದು ಹೇಗೆ ಕೆಲಸ ಮಾಡುತ್ತದೆ, ನಮ್ಮ ನಾಲ್ಕು ತಾಲೂಕಿನಲ್ಲಿ ಎಲ್ಲಿ ಉಪಯೋಗ, ಎಲ್ಲಿ ಕೈಕೊಡುತ್ತದೆ ಅನ್ನೋದರ ಪೂರ್ತಿ ವಿವರ ಇಲ್ಲಿದೆ.

ಮೊದಲು ಈ ಐದು ಕೊಂಡಿ ನೆನಪಿಟ್ಟುಕೊಳ್ಳಿ

ಯಾವುದೇ ಸೆನ್ಸರ್ ವ್ಯವಸ್ಥೆ ಐದು ಕೊಂಡಿಯ ಸರಪಳಿ.

1. ಸೆನ್ಸರ್ ಕಾಣಬೇಕು.
2. ಕಂಡದ್ದನ್ನು ಹೇಳಲು ಅದರಲ್ಲಿ ಬ್ಯಾಟರಿ ಇರಬೇಕು.
3. ಸಂದೇಶ ದಾರಿಯಲ್ಲಿ ಕಳೆದುಹೋಗದೆ ದಾಟಬೇಕು.
4. ಒಬ್ಬರು ಅದನ್ನು ಕೇಳಿಸಿಕೊಳ್ಳಬೇಕು.
5. ಕೇಳಿದವರು ಎದ್ದು ಏನಾದರೂ ಮಾಡಬೇಕು.

ಅಂಗಡಿಯವರು ಮಾರುವುದು ಮೊದಲ ಕೊಂಡಿಯನ್ನು. ಕಳ್ಳತನ ಆಗುವುದು, ಮೋಟಾರ್ ಸುಡುವುದು, ಜೀವ ಹೋಗುವುದು ಉಳಿದ ನಾಲ್ಕರಲ್ಲಿ ಒಂದು ಕಳಚಿದಾಗ. ಸೆನ್ಸರ್ ಯಾವುದನ್ನೂ ಕಾಯುವುದಿಲ್ಲ, ತಿಳಿಸುತ್ತದೆ ಅಷ್ಟೆ. ಕಾಯಬೇಕಾದವರು ಮನುಷ್ಯರೇ.

ಮೋಷನ್ ಸೆನ್ಸರ್‌ನಲ್ಲಿ ಎಷ್ಟು ವಿಧ?

*ಪಿಐಆರ್ ಸೆನ್ಸರ್:* ಅತಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಮನುಷ್ಯರ ಮತ್ತು ಪ್ರಾಣಿಗಳ ಮೈಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ, ಅಂದರೆ ಮೈ ಶಾಖ, ಸದಾ ಹೊರಬರುತ್ತಿರುತ್ತದೆ. ಸೆನ್ಸರ್ ಒಳಗೆ ಈ ಶಾಖ ಗುರುತಿಸುವ ಎರಡು ಪಟ್ಟಿಗಳಿರುತ್ತವೆ. ಮುಂದಿರುವ ಗೀರುಗೀರಾದ ಬಿಳಿ ಪ್ಲಾಸ್ಟಿಕ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಅದೇ ಲೆನ್ಸ್. ಬಿಸಿ ಮೈಯೊಂದು ಒಂದು ಪಟ್ಟಿಯ ನೋಟದಿಂದ ಇನ್ನೊಂದರ ನೋಟಕ್ಕೆ ದಾಟಿದಾಗ ಎರಡರ ನಡುವೆ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವೇ "ಯಾರೋ ಓಡಾಡಿದರು" ಅನ್ನುವ ಸುದ್ದಿ.

ಇದರಿಂದ ಮೂರು ವಿಷಯ ಅರ್ಥವಾಗುತ್ತದೆ. ಒಂದು, ಅಲ್ಲಾಡದೆ ನಿಂತವರನ್ನು ಪಿಐಆರ್ ಗುರುತಿಸುವುದಿಲ್ಲ. ಎರಡು, ಅಡ್ಡ ದಾಟುವವರು ಬೇಗ ಸಿಕ್ಕಿಬೀಳುತ್ತಾರೆ, ನೇರವಾಗಿ ಅದರ ಕಡೆಗೇ ನಡೆದು ಬರುವವರು ತಡವಾಗಿ ಸಿಗುತ್ತಾರೆ. ಮೂರು, ಕಿಟಕಿ ಗಾಜಿನ ಮೂಲಕ ಇದಕ್ಕೆ ಏನೂ ಕಾಣದು. ಮನೆ ಒಳಗಿಂದ ಗಾಜಿಗೆ ಮುಖ ಮಾಡಿ ಇಟ್ಟರೆ ದಂಡ.

*ಮೈಕ್ರೋವೇವ್ ಸೆನ್ಸರ್:* ಇದು ತಾನೇ ರೇಡಿಯೊ ಅಲೆ ಬಿಟ್ಟು, ವಾಪಸ್ ಬರುವ ಅಲೆಯ ಬದಲಾವಣೆಯಿಂದ ಚಲನೆ ಕಂಡುಹಿಡಿಯುತ್ತದೆ. ರೈಲು ಹತ್ತಿರ ಬರುವಾಗ ಹಾರನ್ ಸದ್ದು ಒಂದು ಥರ, ದೂರ ಹೋಗುವಾಗ ಇನ್ನೊಂದು ಥರ ಕೇಳುತ್ತದಲ್ಲ, ಅದೇ ತತ್ವ. ಬಿಸಿಲಿಗೆ, ಸೆಕೆಗೆ ಇದು ಜಗ್ಗಲ್ಲ. ಆದರೆ ತೆಳು ಗೋಡೆ, ಮರದ ಬಾಗಿಲು, ಗಾಜು ದಾಟಿ ಆಚೆಗೂ ನೋಡುವುದರಿಂದ ಪಕ್ಕದ ರೂಮಿನವರು ಓಡಾಡಿದರೂ ಕೂಗಿಕೊಳ್ಳಬಹುದು.

*ಅಲ್ಟ್ರಾಸಾನಿಕ್ ಸೆನ್ಸರ್:* ಕಿವಿಗೆ ಕೇಳದ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಆಲಿಸುತ್ತದೆ. ಕಳ್ಳರ ಪತ್ತೆಗೆ ಮೊದಲ ತಲೆಮಾರಿನ ಯಂತ್ರಗಳು ಅಮೆರಿಕದಲ್ಲಿ 1950ರ ದಶಕದಲ್ಲಿ ಬಂದಿದ್ದು ಇದೇ ತತ್ವದ ಮೇಲೆ. ಈಗ ಕಾರು ಹಿಂದಕ್ಕೆ ತೆಗೆಯುವಾಗ ಬೀಪ್ ಅನ್ನುವುದು, ಟ್ಯಾಂಕ್ ನೀರಿನ ಮಟ್ಟ ಹೇಳುವುದು ಹೆಚ್ಚಾಗಿ ಇದರಿಂದಲೇ.

*ಡೋರ್ ಸೆನ್ಸರ್:* ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಸ್ವಿಚ್. ಬಾಗಿಲು ತೆಗೆದರೆ ಅಯಸ್ಕಾಂತ ದೂರ ಸರಿದು ಸ್ವಿಚ್ ಬದಲಾಗುತ್ತದೆ. ಇಷ್ಟೇನಾ ಅಂದ್ರೆ ಇಷ್ಟೇ. ಎಲ್ಲಕ್ಕಿಂತ ಸರಳ, ಸುಳ್ಳು ಅಲಾರಂ ಎಲ್ಲಕ್ಕಿಂತ ಕಡಿಮೆ.

*ಬೀಮ್ ಸೆನ್ಸರ್:* ಎರಡು ಕಂಬದ ನಡುವೆ ಕಾಣದ ಬೆಳಕಿನ ಗೆರೆ. ಗೆರೆ ಕಡಿದರೆ ಅಲಾರಂ. ಕಾಂಪೌಂಡ್, ಗೇಟಿಗೆ ಸರಿ. ಗಿಡಬಳ್ಳಿ ಬೆಳೆದು ಅಡ್ಡ ಬಂದರೆ ತಲೆನೋವು.

ವೈರ್‌ಲೆಸ್ ಅಂದ್ರೆ ಸಂದೇಶ ಹೋಗುವ ದಾರಿ

ಸೆನ್ಸರ್ ಕಂಡದ್ದು ನಿಮ್ಮ ತನಕ ಬರಲು ಹಲವು ದಾರಿಗಳಿವೆ. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

*ವೈಫೈ:* ಪೇಟೆ ಮನೆಗೆ ಸುಲಭ. ಆದರೆ ಬ್ಯಾಟರಿ ಬೇಗ ತಿನ್ನುತ್ತದೆ. ಕರೆಂಟ್ ಹೋಗಿ ರೂಟರ್ ಆಫ್ ಆದ್ರೆ ಅಲ್ಲಿಗೆ ಮುಗೀತು.

*ಜಿಗ್‌ಬೀ:* ವೈಫೈ ಥರದ್ದೇ, ಆದರೆ ತೀರಾ ಕಡಿಮೆ ವಿದ್ಯುತ್ ಸಾಕು. 2003ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡವೊಂದರ ಮೇಲೆ ನಿಂತಿದೆ. ಒಂದು ಸಾಧನ ಇನ್ನೊಂದಕ್ಕೆ ಸಂದೇಶ ದಾಟಿಸುತ್ತಾ ಕೊನೆಗೆ ಮನೆಯಲ್ಲಿರುವ ಹಬ್ ಮುಟ್ಟಿಸುತ್ತದೆ.

*ಲೋರಾ:* ತೋಟ, ಜಮೀನಿಗೆ ಹೇಳಿ ಮಾಡಿಸಿದ್ದು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗವನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಬಯಲಿನಲ್ಲಿ ಅಡ್ಡ ಏನೂ ಇಲ್ಲದಿದ್ದರೆ ಕೆಲವು ಕಿಲೋಮೀಟರ್ ಹೋಗುತ್ತದೆ. ದಟ್ಟ ತೋಟ, ಮಳೆಗೆ ನೆನೆದ ಎಲೆ, ದಿಬ್ಬ ಇದ್ದರೆ ದೂರ ಕಡಿಮೆಯಾಗುತ್ತದೆ. ಫೋಟೊ, ವಿಡಿಯೊ ಕಳಿಸಲು ಆಗದು. "ಗೇಟ್ ತೆರೆದಿದೆ", "ಬಿಸಿ 38 ಡಿಗ್ರಿ" ಅನ್ನುವಂಥ ಪುಟ್ಟ ಮಾತು ಮಾತ್ರ.

*ಸಿಮ್ ಕಾರ್ಡ್:* ಸಾಧನದೊಳಗೇ ಸಿಮ್ ಹಾಕುವುದು. ಇಂಟರ್‌ನೆಟ್ ಇಲ್ಲದಿದ್ದರೂ ಕರೆ ಅಥವಾ ಎಸ್‌ಎಂಎಸ್ ಬರುತ್ತದೆ. ಒಂದು ಎಚ್ಚರಿಕೆ: ಕಡಿಮೆ ಬೆಲೆಯ ಸಾಧನಗಳಲ್ಲಿ 2ಜಿ ಮಾತ್ರ ಇರುತ್ತದೆ. ಜಿಯೋಗೆ 2ಜಿ ಸೇವೆಯೇ ಇಲ್ಲ, ಹಾಗಾಗಿ ಅವುಗಳಲ್ಲಿ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡಲ್ಲ. ಸಿಮ್ ಕೊಳ್ಳುವ ಮುಂಚೆ ಆ ಜಾಗದಲ್ಲಿ ಯಾವ ಕಂಪನಿ ಸಿಗ್ನಲ್ ಬರುತ್ತದೆ, ಸಾಧನ 2ಜಿಯೋ 4ಜಿಯೋ ಎರಡನ್ನೂ ನೋಡಿ.

ಸುಮ್ಮನಿರುವ ಸೆನ್ಸರ್‌ಗೆ ಎರಡು ಅರ್ಥ

ವೈರ್‌ಲೆಸ್ ಸೆನ್ಸರ್ ದಿನದ ಬಹುಪಾಲು ಹೊತ್ತು ನಿದ್ದೆಯಲ್ಲಿರುತ್ತದೆ. ಎಚ್ಚರವಾಗಿದ್ದು ರೇಡಿಯೊ ಸಂದೇಶ ಕಳಿಸುವುದಕ್ಕೆ, ಸುಮ್ಮನೆ ಕಾಯುವುದಕ್ಕಿಂತ ನೂರಾರು ಪಟ್ಟು ಹೆಚ್ಚು ವಿದ್ಯುತ್ ಬೇಕು. ಅದಕ್ಕೇ ಏನಾದರೂ ಆದಾಗ ಮಾತ್ರ ಎದ್ದು, ಒಂದು ಮಾತು ಹೇಳಿ, ಮತ್ತೆ ಮಲಗುತ್ತದೆ. ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬಾಳುವ ಗುಟ್ಟು ಇದೇ.

ಅಪಾಯವೂ ಇಲ್ಲೇ. ಹದಿನೈದು ದಿನದಿಂದ ಒಂದೂ ಮೆಸೇಜ್ ಬಂದಿಲ್ಲ ಅಂದ್ರೆ ಯಾರೂ ಬಂದಿಲ್ಲ ಅಂತಲೂ ಆಗಬಹುದು, ಸೆನ್ಸರ್ ಸತ್ತಿದೆ ಅಂತಲೂ ಆಗಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಇದಕ್ಕೆ ಪರಿಹಾರ ಹಾಜರಿ ಸಂದೇಶ. ಒಳ್ಳೆಯ ಸಾಧನಗಳು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ "ನಾನು ಬದುಕಿದ್ದೇನೆ, ಬ್ಯಾಟರಿ ಇಷ್ಟಿದೆ" ಅಂತ ತಾವಾಗಿಯೇ ಹೇಳುತ್ತವೆ. ಆ ಹಾಜರಿ ತಪ್ಪಿದರೆ ಅದೇ ಒಂದು ಅಲಾರಂ. ಹಾಜರಿ ಹಾಕದ ಸೆನ್ಸರ್ ಆದರೆ ವಾರಕ್ಕೊಮ್ಮೆ ನೀವೇ ಅದರ ಮುಂದೆ ಓಡಾಡಿ ನೋಡಬೇಕು.

ಹಾಸನ: ಮನೆ, ಅಂಗಡಿ

"ಬಡವರ ಊಟಿ" ಅನ್ನಿಸಿಕೊಂಡ ಹಾಸನದ ತಂಪು ಪಿಐಆರ್ ಸೆನ್ಸರ್‌ಗೆ ಒಳ್ಳೆಯದೇ. ಸುತ್ತಲಿನ ಗಾಳಿ, ಗೋಡೆ ತಂಪಾಗಿದ್ದಷ್ಟೂ ಬಿಸಿ ಮೈ ಎದ್ದು ಕಾಣುತ್ತದೆ. ಸುತ್ತಲ ಬಿಸಿ 35 ಡಿಗ್ರಿಯ ಹತ್ತಿರ ಬಂದಾಗ ಮೈಗೂ ಗೋಡೆಗೂ ವ್ಯತ್ಯಾಸವೇ ಉಳಿಯದೆ ಸೆನ್ಸರ್ ಮಂಕಾಗುತ್ತದೆ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಶೀಟಿನ ಗೋಡೌನ್‌ನಲ್ಲಿ ಅದರ ಮೇಲೆ ಪೂರ್ತಿ ಭರವಸೆ ಬೇಡ.

ಕೂರಿಸುವ ಎತ್ತರ ಏಳೆಂಟು ಅಡಿ ಇರಲಿ. ಬರುವವರು ಅದರ ಮುಂದೆ ಅಡ್ಡ ದಾಟುವ ಹಾಗೆ ಮೂಲೆಯಲ್ಲಿ ಹಾಕಿ. ಬಿಸಿಲು ನೇರ ಬೀಳುವ ಕಡೆ, ಒಲೆ, ಫ್ರಿಜ್ ಹಿಂಭಾಗ, ಗಾಳಿಗೆ ಅಲ್ಲಾಡುವ ಪರದೆ ಎದುರು ಬೇಡ. ಆನ್ ಮಾಡಿದ ಕೂಡಲೇ ಪರೀಕ್ಷೆ ಮಾಡಬೇಡಿ, ಹೊಂದಿಕೊಳ್ಳಲು ಒಂದು ನಿಮಿಷ ಬಿಡಿ.

ಅಂಗಡಿಗೆ ಶಟರ್ ಮೇಲೆ ಡೋರ್ ಸೆನ್ಸರ್, ಒಳಗೆ ಪಿಐಆರ್ ಎರಡೂ ಇದ್ದರೆ ಒಳ್ಳೆಯದು. ಎರಡೂ ಒಟ್ಟಿಗೆ ಹೇಳಿದರೆ ನಂಬಬಹುದು. ರೂಟರ್‌ಗೆ ಒಂದು ಪುಟ್ಟ ಬ್ಯಾಟರಿ ಬ್ಯಾಕಪ್ ಹಾಕಿ. ಕಳ್ಳ ಮೊದಲು ಮಾಡುವ ಕೆಲಸ ಮೇನ್ ಆಫ್ ಮಾಡುವುದು.

ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಎಂಸಿಎಫ್ 1982ರಿಂದಲೂ ಸುಮಾರು 36 ಸಾವಿರ ಕಿಲೋಮೀಟರ್ ದೂರದ ಉಪಗ್ರಹಗಳ ಜೊತೆ ತಂತಿ ಇಲ್ಲದೆ ಮಾತಾಡುತ್ತಿದೆ. ಅಲ್ಲೂ ಕ್ರಮ ಇದೇ. ಉಪಗ್ರಹ ತನ್ನ ಆರೋಗ್ಯದ ವಿವರ ಸದಾ ಕಳಿಸುತ್ತಿರಬೇಕು, ನೆಲದಲ್ಲಿ ಹಗಲು ರಾತ್ರಿ ಒಬ್ಬರು ನೋಡುತ್ತಿರಬೇಕು.

ಚನ್ನರಾಯಪಟ್ಟಣ: ಕೊಬ್ಬರಿ ಅಟ್ಟ ಮತ್ತು ಚಿರತೆ

ಉಂಡೆ ಕೊಬ್ಬರಿ ಮಾಡುವವರಿಗೆ ಅಟ್ಟವೇ ಬ್ಯಾಂಕು. ಬಲಿತ ಕಾಯಿ ತಿಂಗಳುಗಟ್ಟಲೆ, ಹೆಚ್ಚು ಕಡಿಮೆ ವರ್ಷದವರೆಗೆ ಅಟ್ಟದಲ್ಲಿ ಒಣಗಬೇಕು. ವರ್ಷದ ದುಡಿಮೆ ಪೂರ್ತಿ ಒಂದೇ ಜಾಗದಲ್ಲಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 12,100 ರೂಪಾಯಿ. ಐದಾರು ಚೀಲ ಹೋದರೂ ನಷ್ಟ ಸಣ್ಣದಲ್ಲ.

ಆದರೆ ಅಟ್ಟದಲ್ಲಿ ಪಿಐಆರ್ ಹಾಕಿದರೆ ಇಲಿ, ಹೆಗ್ಗಣ, ಬೆಕ್ಕು ರಾತ್ರಿಯೆಲ್ಲ ಅಲಾರಂ ಹೊಡೆಸುತ್ತವೆ. ಮೂರು ರಾತ್ರಿ ಸುಳ್ಳು ಅಲಾರಂ ಬಂದರೆ ನಾಲ್ಕನೇ ರಾತ್ರಿ ಯಾರೂ ಏಳಲ್ಲ, ಆಫ್ ಮಾಡಿ ಮಲಗುತ್ತಾರೆ. ಇಲ್ಲಿ ಮುರಿಯುವುದು ನಾಲ್ಕು ಮತ್ತು ಐದನೇ ಕೊಂಡಿ. ಅಟ್ಟಕ್ಕೆ ಸರಿಯಾದದ್ದು ಬಾಗಿಲಿಗೆ ಹಾಕುವ ಡೋರ್ ಸೆನ್ಸರ್. ಇಲಿ ಬಾಗಿಲು ತೆಗೆಯಲ್ಲ. ಪಿಐಆರ್ ಬೇಕೇ ಬೇಕು ಅಂದ್ರೆ ಮೆಟ್ಟಿಲು, ಏಣಿ ಕಡೆ ಮನುಷ್ಯರ ಎದೆ ಎತ್ತರ ನೋಡುವ ಹಾಗೆ ಹಾಕಿ, ಲೆನ್ಸ್‌ನ ಕೆಳಭಾಗಕ್ಕೆ ಟೇಪ್ ಅಂಟಿಸಿ.

ಇನ್ನು ಚಿರತೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಗುಡ್ಡ, ಕುರುಚಲು ಕಾಡಿನ ಅಂಚಿನ ಊರುಗಳಲ್ಲಿ ಚಿರತೆ ಸುದ್ದಿ ಹೊಸದಲ್ಲ. ಅರಣ್ಯ ಇಲಾಖೆಯವರು ಮರಕ್ಕೆ ಕಟ್ಟುವ ಟ್ರ್ಯಾಪ್ ಕ್ಯಾಮೆರಾ ಒಳಗಿರುವುದೂ ಪಿಐಆರ್ ಸೆನ್ಸರೇ. ಪ್ರಾಣಿ ಮುಂದೆ ದಾಟಿದರೆ ಫೋಟೊ ತೆಗೆಯುತ್ತದೆ. ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲೇ ನಾಗರಹೊಳೆಯಲ್ಲಿ ಹುಲಿ ಎಣಿಕೆಗೆ ಇಂಥ ಕ್ಯಾಮೆರಾ ಬಳಸಿದ್ದರು. ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ಒಂದಕ್ಕಿದ್ದಂತೆ ಇನ್ನೊಂದಕ್ಕೆ ಇರಲ್ಲ, ಅದರಿಂದ ಒಂದೊಂದನ್ನೂ ಗುರುತು ಹಿಡಿಯಬಹುದು. ಮಾಮೂಲಿ ಟ್ರ್ಯಾಪ್ ಕ್ಯಾಮೆರಾ ಫೋಟೊವನ್ನು ಕಾರ್ಡ್‌ನಲ್ಲಿ ಇಟ್ಟುಕೊಳ್ಳುತ್ತದೆ, ಯಾರಿಗೂ ಕಳಿಸಲ್ಲ. ಹಾಗಾಗಿ "ಕ್ಯಾಮೆರಾ ಕಟ್ಟಿದ್ದಾರಲ್ಲ" ಅಂತ ಧೈರ್ಯವಾಗಿ ಕತ್ತಲಲ್ಲಿ ಓಡಾಡಬಾರದು. ಕೊಟ್ಟಿಗೆಗೆ ಗಟ್ಟಿ ಬಾಗಿಲು, ಮೋಷನ್ ಲೈಟು ಎರಡೂ ಇರಲಿ. ಬಾಗಿಲು ಮೊದಲು, ಲೈಟು ಆಮೇಲೆ.

ಹೊಳೆನರಸೀಪುರ: ಪಂಪ್‌ಸೆಟ್ ಮತ್ತು ಮಳೆ ಮಾಪಕ

ರೈತರು ಅತಿ ಹೆಚ್ಚು ಬಳಸುವ ವೈರ್‌ಲೆಸ್ ಸಾಧನ ಮೊಬೈಲ್ ಸ್ಟಾರ್ಟರ್. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಸಿಗುವುದು ಪಾಳಿಯಲ್ಲಿ, ಎಷ್ಟೋ ಸಲ ರಾತ್ರಿ. ಕತ್ತಲಲ್ಲಿ ಹಾವು, ಕಾಡುಪ್ರಾಣಿ ಭಯದಲ್ಲಿ ಜಮೀನಿಗೆ ಹೋಗಿ ಸ್ವಿಚ್ ಹಾಕುವ ಬದಲು ಮನೆಯಿಂದಲೇ ಫೋನ್‌ನಲ್ಲಿ ಮೋಟಾರ್ ಆನ್ ಮಾಡಬಹುದು. ಒಂದು ಫೇಸ್ ಹೋದರೆ, ಬೋರ್‌ನಲ್ಲಿ ನೀರು ನಿಂತರೆ ಅದೇ ಮೋಟಾರ್ ಆಫ್ ಮಾಡಿ ತಿಳಿಸುತ್ತದೆ. ನೀರಿಲ್ಲದೆ ಓಡಿದ ಮೋಟಾರ್ ಹೊರೆ ಕಡಿಮೆಯಾಗಿ ಕಡಿಮೆ ಕರೆಂಟ್ ಎಳೆಯುತ್ತದೆ. ಸ್ಟಾರ್ಟರ್ ಆ ವ್ಯತ್ಯಾಸ ಅಳೆದೇ "ನೀರಿಲ್ಲ" ಅಂತ ತೀರ್ಮಾನಿಸುವುದು.

ಇಲ್ಲಿ ಮಾಡುವ ತಪ್ಪು ಆಟೋ ಮೋಡ್‌ನಲ್ಲಿ ಬಿಡುವುದು. ಕರೆಂಟ್ ಬಂದ ಕೂಡಲೇ ಒಂದು ಟಿಸಿಯ ಎಲ್ಲ ಮೋಟಾರ್ ಒಟ್ಟಿಗೆ ಶುರುವಾದರೆ ಟ್ರಾನ್ಸ್‌ಫಾರ್ಮರ್ ಮೇಲೆ ಒಮ್ಮೆಗೇ ಹೊರೆ ಬೀಳುತ್ತದೆ. ಸುಟ್ಟರೆ ಇಡೀ ಊರಿಗೆ ನೀರಿಲ್ಲ. ಒಬ್ಬೊಬ್ಬರು ಐದೈದು ನಿಮಿಷ ಬಿಟ್ಟು ಶುರುವಾಗುವ ಹಾಗೆ ಸಮಯ ಹೊಂದಿಸಿಕೊಂಡರೆ ಎಲ್ಲರಿಗೂ ಒಳ್ಳೆಯದು. ಇನ್ನೊಂದು: ಮೋಟಾರ್ ರಿಪೇರಿಗೆ ಇಳಿಯುವ ಮುಂಚೆ ಫ್ಯೂಸ್ ಕಿತ್ತು ಕೈಯಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಯಾರೋ ಗೊತ್ತಿಲ್ಲದೆ ಫೋನ್ ಮಾಡಿ ಆನ್ ಮಾಡಿದರೆ ಜೀವಕ್ಕೇ ಅಪಾಯ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬೇಲಿ ಕಟ್ಟಿ, ಸೋಲಾರ್ ಫಲಕದ ಜೊತೆ ನಿಲ್ಲಿಸಿರುವ ಮಳೆ ಮಾಪಕ ನೋಡಿರಬಹುದು. ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಸಂಸ್ಥೆ ಇದು. ಮಾಪಕದೊಳಗೆ ಪುಟ್ಟ ತಕ್ಕಡಿಯಂಥ ಬಟ್ಟಲು ಇರುತ್ತದೆ. ಇಷ್ಟು ಮಳೆ ಬಿದ್ದರೆ ಒಮ್ಮೆ ವಾಲುತ್ತದೆ, ಎಷ್ಟು ಸಲ ವಾಲಿತು ಅನ್ನೋದು ಮೊಬೈಲ್ ನೆಟ್‌ವರ್ಕ್ ಮೂಲಕ 15 ನಿಮಿಷಕ್ಕೊಮ್ಮೆ ಹೋಗುತ್ತದೆ.

ಇದು ಬರೀ ಲೆಕ್ಕಕ್ಕಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಇಂಥ ಮಾಪಕದ ಅಂಕಿ ಮೇಲೆ. ಹೊಲದಲ್ಲಿ ಮಳೆ ಹೊಡೆದು ಬೆಳೆ ಹೋಗಿದ್ದರೂ ಮಾಪಕದ ಬಾಯಿಗೆ ಎಲೆ ಬಿದ್ದು ಕಟ್ಟಿಕೊಂಡಿದ್ದರೆ ಅಂಕಿಯಲ್ಲಿ ಮಳೆಯೇ ಇರಲ್ಲ. ಮಾಪಕದ ಮೇಲೆ ಕೊಂಬೆ ಬಾಗಿದ್ದರೆ, ಬೇಲಿ ಕಿತ್ತಿದ್ದರೆ, ಪಕ್ಕದಲ್ಲಿ ಶೆಡ್ ಎದ್ದಿದ್ದರೆ ಪಂಚಾಯಿತಿಗೆ ಬರೆದು ಕೊಡಿ.

ಅರಕಲಗೂಡು: ತಂಬಾಕು ಬ್ಯಾರನ್

ರಾಮನಾಥಪುರ ಹರಾಜು ಮಾರುಕಟ್ಟೆಗೆ ತಂಬಾಕು ತರುವವರಿಗೆ ಬ್ಯಾರನ್ ಕಾಯುವ ರಾತ್ರಿಗಳು ಗೊತ್ತು. ಹಸಿ ಎಲೆ ಹದವಾಗಲು ಐದಾರು ದಿನ ಬೇಕು. ಮೊದಲು ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ನಿಧಾನಕ್ಕೆ ಏರಿಸಿ ಕೊನೆಗೆ ದಂಟು ಒಣಗಲು 70 ಡಿಗ್ರಿ ಹತ್ತಿರ ಹೋಗಬೇಕು. ಅವಸರ ಮಾಡಿದರೆ ಎಲೆ ಬಣ್ಣ ಕೆಡುತ್ತದೆ, ಗ್ರೇಡ್ ಇಳಿಯುತ್ತದೆ. ನಿದ್ದೆ ಹತ್ತಿ ಬೆಂಕಿ ತಗ್ಗಿದರೂ ಅಷ್ಟೇ. ಎಲೆ ಉದುರಿ ಕಾದ ಕೊಳವೆ ಮೇಲೆ ಬಿದ್ದರೆ ಬ್ಯಾರನ್‌ಗೇ ಬೆಂಕಿ.

ಇಲ್ಲಿ ಬೇಕಾದ್ದು ಮೋಷನ್ ಸೆನ್ಸರ್ ಅಲ್ಲ, ವೈರ್‌ಲೆಸ್ ಟೆಂಪರೇಚರ್ ಸೆನ್ಸರ್. ಅಳೆಯುವ ಕಡ್ಡಿ ಮಾತ್ರ ಒಳಗಿರಲಿ, ಬ್ಯಾಟರಿ ಮತ್ತು ರೇಡಿಯೊ ಇರುವ ಡಬ್ಬ ಹೊರಗೋಡೆಯಲ್ಲಿರಲಿ. 70 ಡಿಗ್ರಿ ಶಾಖಕ್ಕೆ ಮಾಮೂಲಿ ಬ್ಯಾಟರಿ ತಡೆಯಲ್ಲ. ಎರಡು ಮಿತಿ ಹಾಕಿಕೊಳ್ಳಿ: ಇಷ್ಟಕ್ಕಿಂತ ಇಳಿದರೂ ಅಲಾರಂ, ಇಷ್ಟಕ್ಕಿಂತ ಏರಿದರೂ ಅಲಾರಂ. ಸೌದೆ ಹಾಕುವ ಕೆಲಸ ತಪ್ಪಲ್ಲ. ಆದರೆ ಅರ್ಧ ಗಂಟೆಗೊಮ್ಮೆ ಎದ್ದು ಥರ್ಮಾಮೀಟರ್ ನೋಡುವುದು ತಪ್ಪುತ್ತದೆ.

ಕಾಡಾನೆ: ಸೆನ್ಸರ್‌ಗೆ ಅತಿ ದೊಡ್ಡ ಪರೀಕ್ಷೆ

ಜಿಲ್ಲೆಯಲ್ಲಿ ಈ ತಂತ್ರಜ್ಞಾನ ಜೀವ ಉಳಿಸುವ ಪ್ರಶ್ನೆಯಾಗಿರುವುದು ಆನೆ ವಿಷಯದಲ್ಲಿ. ಸಕಲೇಶಪುರ, ಆಲೂರು, ಬೇಲೂರು, ಕೊಡಗಿಗೆ ಅಂಟಿಕೊಂಡ ಅರಕಲಗೂಡಿನ ಮಲ್ಲಿಪಟ್ಟಣ ಕಡೆ ಕಾಫಿ ತೋಟ, ಗದ್ದೆ, ಜೋಳದ ಹೊಲಗಳಲ್ಲಿ ಆನೆ ಓಡಾಟ ದಿನದ ಮಾತು. ಭೀಮ, ಬೀಟಮ್ಮ ಅಂತ ಹೆಸರಿಟ್ಟು ಜನ ಗುರುತಿಸುವಷ್ಟು. 2012ರಲ್ಲಿ ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದ ಕಾರ್ಯಪಡೆ ವರದಿ ಕೊಟ್ಟಿತು. ಹೈಕೋರ್ಟ್ ಆದೇಶದ ನಂತರ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳು ಮತ್ತೆ ಬಂದವು. ಹಿಡಿಯುವುದರ ಜೊತೆಗೆ, ಎಲ್ಲಿವೆ ಅಂತ ಮುಂಚೆಯೇ ತಿಳಿಸುವ ವ್ಯವಸ್ಥೆ ಬಂದದ್ದು ಹೀಗೆ.

ಈ ದಾರಿ ಮೊದಲು ಗಟ್ಟಿಯಾಗಿದ್ದು ತಮಿಳುನಾಡಿನ ವಾಲ್ಪಾರೈನಲ್ಲಿ. ಅಲ್ಲಿನ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಎಸ್‌ಎಂಎಸ್ ಮತ್ತು ಮೊಬೈಲ್‌ನಿಂದ ಹೊತ್ತಿಸುವ ಕೆಂಪು ದೀಪಗಳಿಂದ ಜನರಿಗೆ ಎಚ್ಚರಿಕೆ ಕೊಡುವ ಕ್ರಮ ತಂದಿತು. ಈ ಕೆಲಸಕ್ಕೆ ಅದರ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಮುಂದೆ ಅರಣ್ಯ ಇಲಾಖೆ ಜೊತೆ ಹಾಸನದಲ್ಲೂ ಕೆಲಸ ಮಾಡಿದೆ. ಎಸ್‌ಎಂಎಸ್, ವಾಯ್ಸ್ ಕಾಲ್, ರಸ್ತೆ ಬದಿಯ ಎಲ್‌ಇಡಿ ಬೋರ್ಡ್ ಇವೆಲ್ಲ ಆ ಸರಪಳಿಯ ಮೂರು, ನಾಲ್ಕನೇ ಕೊಂಡಿಗಳು.

ಮೊದಲ ಕೊಂಡಿ ರೇಡಿಯೊ ಕಾಲರ್ ಮತ್ತು ಆನೆ ಹಿಂದೆ ನಡೆಯುವ ಸಿಬ್ಬಂದಿ. ಕಾಲರ್‌ನಲ್ಲಿರುವ ಜಿಪಿಎಸ್ ನಿಗದಿತ ಹೊತ್ತಿಗೊಮ್ಮೆ ಆನೆ ಇರುವ ಜಾಗ ಕಳಿಸುತ್ತದೆ. ಗುಂಪನ್ನು ಹಿರಿಯ ಹೆಣ್ಣಾನೆ ನಡೆಸುವುದರಿಂದ ಗುಂಪಿನ ಒಂದು ಹೆಣ್ಣಿಗೆ ಕಾಲರ್ ಹಾಕಿದರೆ ಇಡೀ ಗುಂಪಿನ ಸುಳಿವು ಸಿಗುತ್ತದೆ. ಒಂಟಿ ಸಲಗ ಈ ಲೆಕ್ಕಕ್ಕೆ ಸಿಗಲ್ಲ. "ಮೆಸೇಜ್ ಬಂದಿಲ್ಲ, ಆನೆ ಇಲ್ಲ" ಅಂದುಕೊಳ್ಳುವುದು ಅದಕ್ಕೇ ಅಪಾಯ. ಸುಮ್ಮನಿರುವ ಸೆನ್ಸರ್‌ಗೆ ಎರಡು ಅರ್ಥ ಅನ್ನುವ ಮಾತು ಇಲ್ಲಿ ಪ್ರಾಣದ ಮಾತು.

ಕಾಲರ್ ಹಾಕುವುದು ಸುಲಭವಲ್ಲ. ಕಾಡಾನೆಗೆ ಅರಿವಳಿಕೆ ಕೊಟ್ಟು, ಸಾಕಾನೆಗಳ ನೆರವಿನಲ್ಲಿ ನಿಲ್ಲಿಸಿ ಕಟ್ಟಬೇಕು. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಪ್ರಾಣ ಬಿಟ್ಟದ್ದು ಕಾಡಾನೆ ಹಿಡಿದು ರೇಡಿಯೊ ಕಾಲರ್ ಹಾಕುವ ಇಂಥ ಕಾರ್ಯಾಚರಣೆಯಲ್ಲೇ. ಫೋನಿಗೆ ಬರುವ ಒಂದು ಸಾಲಿನ ಮೆಸೇಜ್ ಹಿಂದೆ ಎಷ್ಟು ಬೆಲೆ ತೆತ್ತಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮನೆ ಬಾಗಿಲಿಗೆ ಪಿಐಆರ್ ಹಾಕಿ ಆನೆ ಕಾಯಬಹುದಾ? ಲೆಕ್ಕ ಹಾಕಿ ನೋಡಿ. ಸಾಮಾನ್ಯ ಪಿಐಆರ್ ಹತ್ತು ಹನ್ನೆರಡು ಮೀಟರ್ ದೂರ ನೋಡುತ್ತದೆ. ನುಗ್ಗಿ ಬರುವ ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 7 ಮೀಟರ್. ಅಂದರೆ ನಿಮಗೆ ಸಿಗುವುದು ಎರಡು ಸೆಕೆಂಡಿಗಿಂತಲೂ ಕಡಿಮೆ. ಆನೆಗೆ ಎಚ್ಚರಿಕೆ ದೂರದಿಂದ, ತುಂಬಾ ಮುಂಚೆ ಬರಬೇಕು. ತಮಿಳುನಾಡಿನ ಮದುಕ್ಕರೈ ರೈಲು ಹಳಿ ಬಳಿ 2024ರಲ್ಲಿ ಟವರ್ ಮೇಲೆ ಥರ್ಮಲ್ ಕ್ಯಾಮೆರಾ ಹಾಕಿ, ಆನೆ ಹಳಿಗೆ ಬರುವ ಮುಂಚೆಯೇ ಕಂಡು ರೈಲು ನಿಧಾನಗೊಳಿಸುವ ವ್ಯವಸ್ಥೆ ಮಾಡಿದ್ದು ಇದೇ ಕಾರಣಕ್ಕೆ.

ಕೊಳ್ಳುವ ಮುಂಚೆ ಕೇಳಿ

* ಸಂದೇಶ ಯಾವ ದಾರಿಯಲ್ಲಿ ಬರುತ್ತದೆ? ಇಂಟರ್‌ನೆಟ್ ಇಲ್ಲದಿದ್ದರೆ ಏನಾಗುತ್ತದೆ?
* ಕರೆಂಟ್ ಹೋದ್ರೆ ಎಷ್ಟು ಹೊತ್ತು ನಡೆಯುತ್ತದೆ?
* ಬ್ಯಾಟರಿ ಇಳಿದರೆ ತಾನಾಗಿ ಹೇಳುತ್ತದಾ? ಅದೇ ಬ್ಯಾಟರಿ ನಮ್ಮೂರಲ್ಲಿ ಸಿಗುತ್ತದಾ?
* ಒಂದೇ ಸಲಕ್ಕೆ ಎಷ್ಟು ಜನರ ಫೋನಿಗೆ ಬರುತ್ತದೆ? ಒಬ್ಬರ ಫೋನ್ ಸೈಲೆಂಟ್ ಇದ್ದರೆ ಇನ್ನೊಬ್ಬರಿಗೆ ಕರೆ ಹೋಗುತ್ತದಾ?
* ಹೊರಗೆ ಹಾಕುವುದಾದರೆ ಮಳೆ, ಧೂಳು ತಡೆಯುತ್ತದಾ?
* ಪಾಸ್‌ವರ್ಡ್ ಬದಲಾಯಿಸಬಹುದಾ? ಬಾಕ್ಸ್‌ನಲ್ಲಿ ಬಂದ ಪಾಸ್‌ವರ್ಡ್ ಹಾಗೇ ಬಿಟ್ಟರೆ ಕ್ಯಾಮೆರಾ ಬೇರೆಯವರೂ ನೋಡಬಹುದು.

ಇವು ಮಾತ್ರ ಮಾಡಬೇಡಿ

ಸೆನ್ಸರ್‌ಗೆ ಜೋಡಿಸಿ ಬೇಲಿಗೆ ನೇರ ಲೈನ್ ಕರೆಂಟ್ ಕೊಡಬೇಡಿ. ಅದು ಅಪರಾಧ. ಆನೆ ಸತ್ತರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು, ಮನುಷ್ಯರು ಸತ್ತರೆ ಇನ್ನೂ ದೊಡ್ಡ ಕೇಸು. ಎಷ್ಟೋ ಸಲ ಅದನ್ನು ಮುಟ್ಟುವುದು ಹಾಕಿದ ಮನೆಯವರೇ. ಬೇಲಿ ಬೇಕಿದ್ದರೆ ಕ್ಷಣಕ್ಕೊಮ್ಮೆ ಮಾತ್ರ ಸಣ್ಣ ಏಟು ಕೊಡುವ ಸೋಲಾರ್ ಬೇಲಿ, ಜನ ಐಬೆಕ್ಸ್ ಬೇಲಿ ಅನ್ನುವುದು, ಅದನ್ನೇ ಹಾಕಿಸಿ.

ಕ್ಯಾಮೆರಾ ಪಕ್ಕದ ಮನೆ ಅಂಗಳ, ಬಚ್ಚಲ ಕಡೆ ತಿರುಗಿರಬಾರದು. ಅಲಾರಂ ಬಂತು ಅಂತ ಕತ್ತಲಲ್ಲಿ ಒಬ್ಬರೇ ಟಾರ್ಚ್ ಹಿಡಿದು ಓಡಬೇಡಿ. ಮೊದಲು ಅಕ್ಕಪಕ್ಕದವರಿಗೆ ಫೋನ್ ಮಾಡಿ.

ತುರ್ತು ಸಂಖ್ಯೆಗಳು

ಕಳ್ಳತನ, ಬೆಂಕಿ ಸೇರಿ ಯಾವುದೇ ತುರ್ತಿಗೆ 112. ಆನೆ, ಚಿರತೆ ಕಂಡರೆ ಅರಣ್ಯ ಇಲಾಖೆ ಸಹಾಯವಾಣಿ 1926. ವಿದ್ಯುತ್ ತಂತಿ, ಟಿಸಿ ತೊಂದರೆಗೆ 1912.

ಈ ಮೂರೂ ನಂಬರ್ ಸೆನ್ಸರ್ ಡಬ್ಬದ ಪಕ್ಕದಲ್ಲೇ ಗೋಡೆ ಮೇಲೆ ಬರೆದಿಡಿ. ಮೆಸೇಜ್ ಬಂದಾಗ ಮನೆಯಲ್ಲಿ ಯಾರು ಏಳಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಸೆನ್ಸರ್ ಹಾಕಿಸಿದ ದಿನವೇ ಎಲ್ಲರೂ ಕೂತು ಮಾತಾಡಿಕೊಳ್ಳಿ.